ಐದೇ ಐದು ಬೇಸ್ ಪೇರ್ ಹೆಚ್ಚಾದ್ರೆ ಡಿಎನ್‌ಎ ಲೂಪ್ ಯಾಕೆ ಕೈಕೊಡುತ್ತೆ?

ಕೋಲಾರದಲ್ಲಿ ಎಂಎಸ್ಸಿ ಮಕ್ಕಳಿಗೆ ಬಯೋಕೆಮಿಸ್ಟ್ರಿ ಪಾಠ ಮಾಡ್ತೀನಿ, ಲ್ಯಾಕ್ ಓಪೆರಾನ್ (ಲ್ಯಾಕ್ಟೋಸ್ ಸಕ್ಕರೆ ಅರಗಿಸೋ ಬ್ಯಾಕ್ಟೀರಿಯಾ ಜೀನ್‌ಗಳ ಗುಂಪು) ಬಂದಾಗೆಲ್ಲ ನಾವು ಮೇಷ್ಟ್ರುಗಳು ಬೋರ್ಡ್ ಮೇಲೆ ಡಿಎನ್‌ಎ ಅಂತ ಒಂದು ನೆಟ್ಟನೆ ಗೆರೆ ಎಳೆದು ರೆಪ್ರೆಸರ್ (ಆ ಜೀನ್‌ಗಳನ್ನ ಆಫ್ ಮಾಡೋ ಪ್ರೋಟೀನ್) ಅಂತ ಒಂದು ಉಂಡೆ ಕೂರಿಸಿಬಿಡ್ತೀವಿ, ಪರೀಕ್ಷೆಗೆ ಅಷ್ಟು ಸಾಕು. ಅಸಲಿಗೆ ಆ ರೆಪ್ರೆಸರ್‌ನಲ್ಲಿ ನಾಲ್ಕು ಸಬ್‌ಯೂನಿಟ್ ಇವೆ, ಎರಡೆರಡು ಸೇರಿ ಒಂದೊಂದು ಆಪರೇಟರ್ (ಡಿಎನ್‌ಎ ಮೇಲೆ ರೆಪ್ರೆಸರ್ ಕೂರೋ ಜಾಗ) ಹಿಡಿಯುತ್ವೆ, ಅಂದ್ರೆ ಒಂದೇ ಪ್ರೋಟೀನ್ ಒಟ್ಟಿಗೆ ಎರಡು ಜಾಗ ಹಿಡ್ಕೋಬಹುದು. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಮುಖ್ಯ ಆಪರೇಟರ್ ಓ1, ಅದರಿಂದ 92 ಬೇಸ್ ಪೇರ್ (ಡಿಎನ್‌ಎ ಏಣಿಯ ಒಂದೊಂದು ಮೆಟ್ಟಿಲು) ಹಿಂದೆ ಓ3, 401 ಮುಂದೆ ಓ2. ಎರಡನ್ನ ಹಿಡಿದ್ರೆ ಮಧ್ಯದ ಡಿಎನ್‌ಎ ಲೂಪ್ ಆಗ್ಲೇಬೇಕು.

ತೊಡಕು ಇರೋದೇ ಇಲ್ಲಿ, ಯಾಕಂದ್ರೆ ಡಿಎನ್‌ಎ ಗಡುಸು. ಸುಮಾರು 150 ಬೇಸ್ ಪೇರ್, ಅಂದ್ರೆ 50 ನ್ಯಾನೋಮೀಟರ್ ಉದ್ದದವರೆಗೆ ಹೆಚ್ಚುಕಮ್ಮಿ ನೆಟ್ಟಗೇ ನಿಲ್ಲುತ್ತೆ. ಟೊಮ್ಯಾಟೊ ತೋಟದ ಡ್ರಿಪ್ ಪೈಪ್ ನೋಡಿರ್ತೀರಲ್ಲ, ಹತ್ತು ಅಡಿ ಇದ್ರೆ ಸಲೀಸಾಗಿ ಸುತ್ತಬಹುದು, ಒಂದಡಿ ತುಂಡಿನ ಎರಡು ತುದಿ ಸೇರಿಸೋಕೆ ಹೋದ್ರೆ ಚಿಮ್ಮಿ ಕೈಯಿಂದ ಜಾರುತ್ತೆ. ಅದೂ ಅಲ್ದೆ ಪೈಪಿನ ಎರಡು ತೂತು ಎದುರುಬದುರು ಬರಬೇಕಂದ್ರೆ ಬಗ್ಗಿಸಿದ್ರಷ್ಟೇ ಸಾಲದು, ತಿರುಚಲೂಬೇಕು.

ಡಿಎನ್‌ಎ ಸುಮಾರು 10.5 ಬೇಸ್ ಪೇರ್‌ಗೆ ಒಂದು ಸುತ್ತು ತಿರುಗುತ್ತೆ. ಮಧ್ಯೆ 5 ಸೇರಿಸಿದ್ರೆ ಒಂದು ಸೈಟ್ ಹಿಂಬದಿಗೆ ಹೋಗ್ಬಿಡುತ್ತೆ. ವಿಜ್ಞಾನಿ ಶ್ಲೈಫ್ ಅವರ ಲ್ಯಾಬ್ 1984ರಲ್ಲಿ ಆರಾ-ಸಿ ಅನ್ನೋ, ಇದೇ ಥರ ಲೂಪ್ ಮಾಡೋ ಇನ್ನೊಂದು ಪ್ರೋಟೀನ್ ಇಟ್ಕೊಂಡು ಇದನ್ನೇ ತೋರಿಸಿದ್ದು, 5 ಸೇರಿಸಿದಾಗ ರೆಪ್ರೆಶನ್ (ಜೀನ್ ಆಫ್ ಮಾಡೋದು) ಕೆಡ್ತು, 11, ಅಂದ್ರೆ ಹೆಚ್ಚುಕಮ್ಮಿ ಒಂದು ಪೂರ್ತಿ ಸುತ್ತು, ಸೇರಿಸಿದಾಗ ದೂರ ಇನ್ನೂ ಜಾಸ್ತಿ ಆದ್ರೂ ಏನೂ ತೊಂದ್ರೆ ಆಗ್ಲಿಲ್ಲ. ನನಗಂತೂ ಇದಕ್ಕಿಂತ ಚೆಂದದ ಪ್ರೂಫ್ ಬೇಕಿಲ್ಲ.

ಹಾಗಿದ್ರೆ 92ರಷ್ಟು ಗಿಡ್ಡ ತುಂಡು ಬಗ್ಗೋದು ಹೇಗೆ? ಸಹಾಯಕ್ಕೆ ಬೇರೆ ಪ್ರೋಟೀನ್‌ಗಳಿವೆ. ಎಚ್‌ಯು, ಐಎಚ್‌ಎಫ್ ಎರಡೂ ಬೇಸ್‌ಗಳ ಸಂದಿಗೆ ತಮ್ಮ ಪ್ರೋಲಿನ್ ಅನ್ನೋ ಅಮೈನೋ ಆಸಿಡ್ ತೂರಿಸಿ ಡಿಎನ್‌ಎನ ಮುರಿದಂಗೆ ಬಗ್ಗಿಸ್ತವೆ, ಐಎಚ್‌ಎಫ್ ಅಂತೂ ಸುಮಾರು 160 ಡಿಗ್ರಿ, ಅಂದ್ರೆ ಹತ್ತಿರಹತ್ತಿರ ಯು ಟರ್ನ್. ಎಚ್‌ಯು ತೆಗೆದುಹಾಕಿದ ಬ್ಯಾಕ್ಟೀರಿಯಾದಲ್ಲಿ ಲ್ಯಾಕ್ ಲೂಪ್ ದುರ್ಬಲ ಆಗುತ್ತೆ. ಸೂಪರ್‌ಕಾಯಿಲಿಂಗ್ (ಡಿಎನ್‌ಎ ಹುರಿಗೊಂಡು ತನ್ನ ಮೇಲೇ ಸುತ್ತಿಕೊಳ್ಳೋದು), ಸಾಲಾಗಿ ಎ ಬೇಸ್ ಬರೋ ಕಡೆಯ ಸಹಜ ಬಾಗು, ಇವೂ ಕೈಜೋಡಿಸ್ತವೆ. ನಮ್ಮ ಜೀವಕೋಶದ ದೊಡ್ಡ ಲೂಪ್‌ಗಳ ರೀತಿಯೇ ಬೇರೆ, ಅಲ್ಲಿ ಕೊಹೆಸಿನ್ ಅನ್ನೋ ಪ್ರೋಟೀನ್ ಉಂಗುರ ಎಟಿಪಿ (ಜೀವಕೋಶದ ಇಂಧನ) ಖರ್ಚು ಮಾಡಿ ಎಳೆದು ಎಳೆದು ಲೂಪ್ ಬೆಳೆಸುತ್ತೆ, ಮುಖಾಮುಖಿ ಇರೋ ಸಿಟಿಸಿಎಫ್ ಅನ್ನೋ ಪ್ರೋಟೀನ್ ಕೂರೋ ಸೈಟ್ ಸಿಕ್ಕಾಗ ಸಾಮಾನ್ಯವಾಗಿ ನಿಲ್ಲುತ್ತೆ.

ಪ್ರಾಜೆಕ್ಟ್ ಮಾಡೋ ಮಕ್ಕಳು ಕ್ಲೋನಿಂಗ್‌ಗೆ ಅನುಕೂಲ ಅಂತ ಎರಡು ಆಪರೇಟರ್ ಮಧ್ಯೆ ಒಂದು ಇಕೋಆರ್‌ಒನ್ ಸೈಟ್ (ಡಿಎನ್‌ಎ ಕತ್ತರಿಸೋ ಎನ್‌ಜೈಮ್ ಗುರುತಿಸೋ ಜಾಗ) ತುರುಕ್ತಾರೆ, ಅದು ಬರೀ 6 ಬೇಸ್ ಪೇರ್ ತಾನೇ ಸಾರ್ ಅಂತಾರೆ. 6 ಅಂದ್ರೆ 200 ಡಿಗ್ರಿ ಮೇಲೆ ತಿರುಗ್ತು ಕಣ್ರಪ್ಪಾ, ಆಮೇಲೆ ಪ್ರೊಮೋಟರ್ (ಜೀನ್ ಓದೋದು ಶುರುವಾಗೋ ಜಾಗ) ಕೆಟ್ಟಿದೆ ಅಂತ ಅದನ್ನ ಬೈಬೇಡಿ.