ಐಫ್ರೇಮ್ ನಿಜವಾಗಿ ಬಂತಾ? ಒಳಗಿನ ಪುಟವನ್ನೇ ಕೇಳಿ

ನಮ್ಮ ಪುಟದೊಳಗೆ ಇನ್ನೊಂದು ಪುಟ ತೋರಿಸುವ ಐಫ್ರೇಮ್ ಹಾಕುವಾಗ ನಾವೆಲ್ಲ ಮೊದಲು ಬರೆಯುವುದು ಆನ್‌ಲೋಡ್ ಮತ್ತು ಆನ್‌ಎರರ್. ಲೋಡ್ ಆದರೆ ಸ್ಪಿನ್ನರ್ ತೆಗೆಯಬೇಕು, ಎರರ್ ಬಂದರೆ ಸಂದೇಶ ತೋರಿಸಬೇಕು. ಕೋಡ್ ಓದಿದರೆ ಸರಿಯಾಗೇ ಕಾಣುತ್ತದೆ. ಆದರೆ ಪುಟ ಬಾರದ ದಿನ ಸ್ಪಿನ್ನರ್ ಮಾಯವಾಗಿ, ಬಳಕೆದಾರರ ಮುಂದೆ ಬರೀ ಬೂದು ಚೌಕ ಉಳಿಯುತ್ತದೆ.

ಲೋಡ್ ಇವೆಂಟ್ ಹೇಳುವುದು ಏನೋ ಒಂದು ಬಂದು ಮುಗಿಯಿತು ಅಂತ ಮಾತ್ರ. 404 ಅಂದರೆ 'ಪುಟ ಸಿಗಲಿಲ್ಲ' ಅನ್ನುವ ಪುಟ ಬಂದರೂ ಅದೇ ಇವೆಂಟ್. ಒಳಗಿನ ಪುಟದ ಸೈಟು ಎಕ್ಸ್-ಫ್ರೇಮ್-ಆಪ್ಷನ್ಸ್ ಹೆಡರ್ ಕಳಿಸಿ ಒಳಗಿಡಬೇಡಿ ಅಂದರೂ, ಸರ್ವರೇ ಸಿಗದಿದ್ದರೂ, ಕ್ರೋಮ್ ತನ್ನ ಎರರ್ ಪುಟ ತುಂಬಿಸಿ ಲೋಡ್ ಆಯಿತು ಅನ್ನುತ್ತದೆ. ಇದನ್ನು ಬೇಕಂತಲೇ ಹೀಗೆ ಇಟ್ಟಿದ್ದಾರೆ. ಬಂತೋ ಇಲ್ಲವೋ ಅಂತ ಹೊರಗಿನ ಪುಟಕ್ಕೆ ತಿಳಿಯುವಂತಿದ್ದರೆ, ಯಾವುದೋ ಸೈಟು 192.168.1.1ರಿಂದ ಶುರು ಮಾಡಿ ನಿಮ್ಮ ಆಫೀಸಿನ ವಿಳಾಸಗಳನ್ನು ಒಂದೊಂದಾಗಿ ಐಫ್ರೇಮ್‌ಗೆ ಹಾಕಿ, ಯಾವ ಯಂತ್ರ ಓಡುತ್ತಿದೆ ಅಂತ ಸುಲಭವಾಗಿ ಪಟ್ಟಿ ಮಾಡಿಬಿಡುತ್ತಿತ್ತು. ಆ ಎಚ್ಚರಿಕೆ ನಮಗೆ ಬೇಕೇ ಬೇಕು, ಅಲ್ವಾ?

ಒಳಗಿನ ಪುಟ ನಿಮ್ಮದೇ ಆರಿಜಿನ್‌ನದಾದರೆ (ಪ್ರೊಟೊಕಾಲ್, ಡೊಮೇನ್, ಪೋರ್ಟ್ ಮೂರೂ ಒಂದೇ ಆದರೆ) ಕೆಲಸ ಸುಲಭ. ಲೋಡ್ ಆದ ಮೇಲೆ ಕಂಟೆಂಟ್‌ಡಾಕ್ಯುಮೆಂಟ್ (ಫ್ರೇಮಿನೊಳಗಿನ ಪುಟ) ಒಳಗೆ, ಆ ಪುಟದಲ್ಲಿ ಮಾತ್ರ ಇರುವ ಒಂದು ಐಡಿ ಹುಡುಕಿ. ಬೇರೆ ಆರಿಜಿನ್ ಆದರೆ ಕಂಟೆಂಟ್‌ಡಾಕ್ಯುಮೆಂಟ್ ನಲ್, ಅಂದರೆ ಖಾಲಿ. ನಲ್ ಬಂದರೆ ಫೇಲ್ ಅಂತ ಬರೆದ ಕೋಡ್ ಎಷ್ಟೋ ಕಡೆ ಕಾಣುತ್ತದೆ. ಚೆನ್ನಾಗಿ ಬಂದ ಪುಟಕ್ಕೂ ಅಲ್ಲಿ ನಲ್ಲೇ ಸಿಗುವುದು!

ಬೇರೆ ಆರಿಜಿನ್ ಆಗಿದ್ದೂ ಕೋಡ್ ನಿಮ್ಮ ತಂಡದ ಕೈಯಲ್ಲಿದ್ದರೆ, ಒಂದು ಪುಟದಿಂದ ಇನ್ನೊಂದಕ್ಕೆ ಸಂದೇಶ ಕಳಿಸುವ ಪೋಸ್ಟ್‌ಮೆಸೇಜ್ ಬಳಸಿ. ಒಳಗಿನ ಪುಟ ಪೂರ್ತಿ ತೆರೆಗೆ ಬಂದ ಮೇಲೆ 'ರೆಡಿ' ಅಂತ ಕಳಿಸಲಿ. ಹೊರಗಡೆ ಅದನ್ನು ಕೇಳುವ ಕೋಡನ್ನು ಎಸ್‌ಆರ್‌ಸಿ (ಫ್ರೇಮಿನ ವಿಳಾಸ) ಕೊಡುವ ಮೊದಲೇ ಹಾಕಿ. ಬಂದ ಸಂದೇಶದ ಆರಿಜಿನ್ ಮತ್ತು ಸೋರ್ಸ್ (ಕಳಿಸಿದ ವಿಂಡೋ) ಎರಡನ್ನೂ ನೋಡಿ. ಇಲ್ಲದಿದ್ದರೆ ಯಾರು ಬೇಕಾದರೂ 'ರೆಡಿ' ಅನ್ನಬಹುದು. ಜೊತೆಗೆ ಒಂದು ಟೈಮರ್ ಇರಲಿ. ಹತ್ತು ಸೆಕೆಂಡ್ ಕಳೆದರೂ ಸದ್ದಿಲ್ಲ ಅಂದರೆ ಫ್ರೇಮ್ ಕಿತ್ತು ಹಾಕಬೇಡಿ. ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ಇನ್ನೂ ಬರುತ್ತಿರಬಹುದು. 'ತಡವಾಗುತ್ತಿದೆ, ಹೊಸ ಟ್ಯಾಬಿನಲ್ಲಿ ತೆರೆಯಿರಿ' ಅಂತ ಲಿಂಕ್ ತೋರಿಸಿ. ತಡವಾಗಿ 'ರೆಡಿ' ಬಂದರೆ ಲಿಂಕ್ ತೆಗೆದರಾಯಿತು. ಫ್ರೇಮ್ ಹತ್ತಿರ ಬರುವವರೆಗೆ ಲೋಡ್ ತಡೆಯುವ ಲೋಡಿಂಗ್ ಲೇಜಿ ಇಟ್ಟಿದ್ದರೆ, ಫ್ರೇಮ್ ತೆರೆಯ ಹತ್ತಿರ ಬಂದ ಮೇಲಷ್ಟೇ ಟೈಮರ್ ಶುರು ಮಾಡಿ.

ಪುಟ ಬೇರೆಯವರದ್ದಾದರೆ ಅವರು ಏನು ಕೊಟ್ಟಿದ್ದಾರೆ ನೋಡಬೇಕು. ಯೂಟ್ಯೂಬಿನ ವಾಚ್ ವಿಳಾಸ ಫ್ರೇಮಿನೊಳಗೆ ಬರುವುದಿಲ್ಲ, ಎಂಬೆಡ್ ವಿಳಾಸವೇ ಬೇಕು. ಅವರ ಪ್ಲೇಯರ್ ಎಪಿಐ ಬಳಸಿದರೆ ಆನ್‌ರೆಡಿ ಸಿಗುತ್ತದೆ. ಆನ್‌ಎರರ್‌ನಲ್ಲಿ 100 ಬಂದರೆ ವಿಡಿಯೊ ತೆಗೆದಿದ್ದಾರೆ ಅಥವಾ ಪ್ರೈವೇಟ್ ಮಾಡಿದ್ದಾರೆ. 101 ಇಲ್ಲವೇ 150 ಬಂದರೆ, ಬೇರೆ ಸೈಟಿನಲ್ಲಿ ತೋರಿಸಲು ಮಾಲೀಕರ ಒಪ್ಪಿಗೆ ಇಲ್ಲ.

ಇದ್ಯಾವುದನ್ನೂ ಕೊಡದ ಸೈಟಾದರೆ ಬ್ರೌಸರಿನಲ್ಲಿ ಸುಮ್ನೆ ಗುದ್ದಾಡಬೇಡಿ. ನಿಮ್ಮ ಸರ್ವರಿನಿಂದ ಆ ವಿಳಾಸ ಕರೆದು ಸ್ಟೇಟಸ್, ಎಕ್ಸ್-ಫ್ರೇಮ್-ಆಪ್ಷನ್ಸ್ ಮತ್ತು ಸಿಎಸ್‌ಪಿ (ಕಂಟೆಂಟ್-ಸೆಕ್ಯುರಿಟಿ-ಪಾಲಿಸಿ) ಹೆಡರಿನಲ್ಲಿ, ಯಾರು ಫ್ರೇಮಿನೊಳಗೆ ಇಡಬಹುದು ಅಂತ ಹೇಳುವ ಫ್ರೇಮ್-ಆನ್ಸೆಸ್ಟರ್ಸ್ ನೋಡಿ. ಎರಡು ಹೆಡರೂ ಇದ್ದರೆ ಬ್ರೌಸರ್ ಪಾಲಿಸುವುದು ಫ್ರೇಮ್-ಆನ್ಸೆಸ್ಟರ್ಸನ್ನು. ಅದರಲ್ಲಿ ನಿಮ್ಮ ಡೊಮೇನ್ ಇಲ್ಲದಿದ್ದರೆ ಐಫ್ರೇಮ್ ಬದಲು ನೇರವಾಗಿ ಲಿಂಕ್ ಕೊಡಿ.