ಶಹಾಬಾದ್ ಫರ್ಸಿಗೆ 2 ಬರಬೇಕಿತ್ತು, 0.8 ಬಂತು: ಎಲ್ಲಿ ತಪ್ಪಿದೆವು?

ಪ್ರಶ್ನೆ: ಕಲಬುರಗಿಯಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಅಂತ 10 ಮಿ.ಮೀ. ದಪ್ಪದ ಶಹಾಬಾದ್ ಫರ್ಸಿಯನ್ನು ದುಂಡಗೆ ಕೊಯ್ಸಿ, ಲೀ ಡಿಸ್ಕ್ ಉಪಕರಣದಲ್ಲಿ (ಹಬೆಯ ಪೆಟ್ಟಿಗೆಗೂ ಹಿತ್ತಾಳೆ ಬಿಲ್ಲೆಗೂ ನಡುವೆ ವಸ್ತುವನ್ನಿಟ್ಟು ಅಳೆಯುವಂಥದ್ದು) ಅದರ ಉಷ್ಣವಾಹಕತೆ, ಅಂದರೆ ಶಾಖವನ್ನು ಎಷ್ಟು ಸಲೀಸಾಗಿ ದಾಟಿಸುತ್ತದೆ ಅನ್ನುವುದನ್ನು, ವ್ಯಾಟ್/ಮೀಟರ್-ಕೆಲ್ವಿನ್ ಲೆಕ್ಕದಲ್ಲಿ ಅಳೆದೆವು. 0.8 ಬಂತು. ಫರ್ಸಿಯೂ ಸುಣ್ಣಕಲ್ಲೇ, ಸುಣ್ಣಕಲ್ಲಿಗೆ 2ರ ಆಸುಪಾಸು ಅಂತ ಪುಸ್ತಕದಲ್ಲಿದೆ. ಮೂರು ಸಲ ಮಾಡಿದರೂ ಅಷ್ಟೇ. ಅದೇ ಉಪಕರಣದಲ್ಲಿ ರಟ್ಟಿಗೆ ಮಾತ್ರ ಸರಿಯಾಗಿ ಬರುತ್ತದೆ. ರೆಕಾರ್ಡಿನಲ್ಲಿ 2 ಅಂತ ಬರೆದುಬಿಡಲಾ ಸರ್?

ಮೂರು ಸಲವೂ 0.8 ಬಂತು ಅಂದರೆ ನಿಮ್ಮ ಕೈ ಚೆನ್ನಾಗಿದೆ. ಕೈ ತಪ್ಪಿದ್ದರೆ ಒಮ್ಮೆ 0.6, ಒಮ್ಮೆ 1.1 ಹೀಗೆ ಹಾರಾಡುತ್ತಿತ್ತು. ಪ್ರತಿ ಸಲ ಒಂದೇ ಕಡೆ ವಾಲುತ್ತಿದೆ ಅಂದರೆ ತಪ್ಪು ಅಳೆಯುವ ವಿಧಾನದೊಳಗೇ ಕೂತಿದೆ. ರಟ್ಟಿಗೆ ಸರಿ ಬರುತ್ತದೆ ಅಂದಿರಲ್ಲ, ಅದೇ ಸುಳಿವು.

ನಿಮ್ಮ ಎರಡು ಥರ್ಮಾಮೀಟರ್ ಇರುವುದೆಲ್ಲಿ? ಒಂದು ಮೇಲಿನ ಸ್ಟೀಮ್ ಚೇಂಬರಿನಲ್ಲಿ, ಇನ್ನೊಂದು ಕೆಳಗಿನ ಹಿತ್ತಾಳೆ ಡಿಸ್ಕಿನಲ್ಲಿ. ಕಲ್ಲಿನೊಳಗೆ ಒಂದೂ ಇಲ್ಲ. ಹಾಗಾಗಿ ನೀವು ಅಳೆದದ್ದು ಕಲ್ಲೊಂದನ್ನೇ ಅಲ್ಲ. ಕಲ್ಲಿನ ಮೇಲೊಂದು, ಕೆಳಗೊಂದು ತೆಳು ಗಾಳಿಯ ಪದರ ಇದೆ. ಅವೂ ಲೆಕ್ಕಕ್ಕೆ ಸೇರಿಬಿಟ್ಟಿವೆ.

ಫರ್ಸಿಯ ಮೇಲೆ ಸುಮ್ನೆ ಬೆರಳಾಡಿಸಿ ನೋಡಿ. ಪದರ ಸೀಳಿ ತೆಗೆದ ಕಲ್ಲು ಅದು, ಸಣ್ಣ ಉಬ್ಬುತಗ್ಗು ಇದ್ದೇ ಇರುತ್ತದೆ. ಅದರ ಮೇಲೆ ಹಿತ್ತಾಳೆ ಕೂತರೆ ತಾಗುವುದು ಅಲ್ಲೊಂದು ಇಲ್ಲೊಂದು ಕಡೆ. ಉಳಿದ ಜಾಗದಲ್ಲೆಲ್ಲ ಗಾಳಿ. ಆ ಸಂದು ಸರಾಸರಿ 0.1 ಮಿ.ಮೀ. ಅಂತಿಟ್ಟುಕೊಳ್ಳಿ. ಅಂದರೆ ಒಂದು ಜೆರಾಕ್ಸ್ ಹಾಳೆಯಷ್ಟು ದಪ್ಪ. ಇಷ್ಟಕ್ಕೇನಾಗುತ್ತೆ ಅನ್ನಿಸುತ್ತೆ ಅಲ್ವಾ? ಗಾಳಿಯ ವಾಹಕತೆ 0.026, ಕಲ್ಲಿನದು 2. ಭಾಗಿಸಿ ನೋಡಿ: ಹಾಳೆಯಷ್ಟು ಗಾಳಿ ಶಾಖಕ್ಕೆ ಒಡ್ಡುವ ತಡೆ ಸುಮಾರು 7.7 ಮಿ.ಮೀ. ಕಲ್ಲು ಒಡ್ಡುವ ತಡೆಗೆ ಸಮ! ಎರಡೂ ಕಡೆ ಸೇರಿದರೆ 15 ಮಿ.ಮೀ. ದಾಟಿತು. ನಿಮ್ಮ ಕಲ್ಲಿರುವುದೇ 10. ಒಟ್ಟು ತಡೆ 25 ಮಿ.ಮೀ. ಕಲ್ಲಿನದು, ನೀವು ಸೂತ್ರಕ್ಕೆ ಹಾಕಿದ ದಪ್ಪ 10. ಉತ್ತರ ಎಷ್ಟು ಬರಬೇಕು? 0.79. ನಿಮಗೆ ಬಂದದ್ದೂ ಅದೇ.

ರಟ್ಟು ಯಾಕೆ ಬಚಾವಾಯಿತು? ಅದರ ವಾಹಕತೆಯೇ ಗಾಳಿಯ ಹತ್ತಿರ ಇದೆ. ಹಾಳೆಯಷ್ಟು ಗಾಳಿ ಸೇರಿದರೆ ರಟ್ಟು ಕೂದಲೆಳೆಯಷ್ಟು ದಪ್ಪವಾದಂತೆ, ಅಷ್ಟೇ. ಲೀ ಡಿಸ್ಕ್ ಹೇಳಿ ಮಾಡಿಸಿದ್ದೇ ರಟ್ಟು, ಎಬೊನೈಟಿನಂಥ (ಗಟ್ಟಿ ರಬ್ಬರ್) ಶಾಖ ಸುಲಭಕ್ಕೆ ಬಿಡದ ವಸ್ತುಗಳಿಗೆ.

ಗಾಳಿಯದೇ ಕೆಲಸ ಅಂತ ಖಾತ್ರಿ ಮಾಡಿಕೊಳ್ಳಬೇಕಾ? ಅದೇ ಕಲ್ಲಿನ 20 ಮಿ.ಮೀ. ತುಂಡು ಕೊಯ್ಸಿ ಅಳೆಯಿರಿ. 1.1ರ ಹತ್ತಿರ ಬರುತ್ತದೆ. ದಪ್ಪ ಬದಲಾದರೆ ವಾಹಕತೆ ಬದಲಾಗಬಾರದು. ಬದಲಾಯಿತು ಅಂದರೆ ಕಳ್ಳ ಸಿಕ್ಕಿಬಿದ್ದ. ಆಮೇಲೆ ಪ್ರತಿ ತುಂಡಿಗೂ ದಪ್ಪವನ್ನು (ಮೀಟರಿನಲ್ಲಿ) ಬಂದ ವಾಹಕತೆಯಿಂದ ಭಾಗಿಸಿ. ಒಂದಕ್ಕೆ 0.0127, ಇನ್ನೊಂದಕ್ಕೆ 0.0177. ಕಳೆದರೆ 0.005. ಗಾಳಿ ಎರಡರಲ್ಲೂ ಒಂದೇ ಆದ್ದರಿಂದ ಹೊಡೆದುಹೋಯಿತು. ಉಳಿದದ್ದು ಬರೀ 10 ಮಿ.ಮೀ. ಕಲ್ಲಿನ ತಡೆ. 0.01 ಭಾಗಿಸು 0.005, ಅಂದರೆ 2. ನನಗಂತೂ ಈ ಉಪಾಯ ಬಹಳ ಇಷ್ಟ. ಒಂದೇ ತೊಡಕು, ದಪ್ಪ ಜಾಸ್ತಿಯಾದಂತೆ ಕಲ್ಲಿನ ಅಂಚಿನಿಂದಲೂ ಶಾಖ ಸೋರುತ್ತದೆ. ಅಂಚಿಗೆ ಹತ್ತಿ ಸುತ್ತಿ.

ಸುಲಭದ ದಾರಿ ಗ್ಲಿಸರಿನ್. ಕಲ್ಲನ್ನು ಪಾಲಿಶ್ ಮಾಡಿಸಿ ಎರಡೂ ಮುಖಕ್ಕೆ ತೆಳ್ಳಗೆ ಸವರಿ. ಅದರ ವಾಹಕತೆ 0.28, ಗಾಳಿಯ ಹತ್ತು ಪಟ್ಟು. ಆದರೆ ಗಾಳಿಯ ತಡೆ ಹೋದ ಮೇಲೆ ಎರಡು ಥರ್ಮಾಮೀಟರುಗಳ ನಡುವಿನ ವ್ಯತ್ಯಾಸ ನಾಲ್ಕೈದು ಡಿಗ್ರಿಗೆ ಇಳಿದುಬಿಡುತ್ತದೆ. ಆಗ ಚಿಕ್ಕ ತಪ್ಪೂ ದೊಡ್ಡದೇ. ಎಷ್ಟೋ ಜನ ಹಬೆಯ ತಾಪ ಓದದೆ 100 ಅಂತ ಬರೆದುಬಿಡುತ್ತಾರೆ. ಕಲಬುರಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲೆ. ನೀರು ಕುದಿಯುವುದು 98.5ರ ಆಸುಪಾಸು. ಬೀದರಿನಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಐದು ಡಿಗ್ರಿಯಲ್ಲಿ ಒಂದೂವರೆ ತಪ್ಪಿದರೆ ಉಳಿಯುವುದೇನು? ಎರಡೂ ಥರ್ಮಾಮೀಟರನ್ನು ಮೊದಲು ಒಂದೇ ಬಿಸಿನೀರಲ್ಲಿ ಅದ್ದಿ, ಎಷ್ಟು ಹೆಚ್ಚುಕಡಿಮೆ ತೋರಿಸುತ್ತವೆ ಅಂತ ಬರೆದಿಟ್ಟುಕೊಳ್ಳಿ.

ಫ್ಯಾನ್ ವಿಷಯ ಹೇಳದಿದ್ದರೆ ನನಗೇ ಸಮಾಧಾನ ಇಲ್ಲ. ನಾನು ಓದುವಾಗ ಏಪ್ರಿಲ್ ತಿಂಗಳ ಸೆಕೆ ತಾಳದೆ, ಕೊನೆಯಲ್ಲಿ ಡಿಸ್ಕ್ ಆರಲು ಇಟ್ಟ ಮೇಲೆ (ಅದು ಆರುವ ವೇಗದಿಂದಲೇ ಎಷ್ಟು ಶಾಖ ಹರಿಯಿತು ಅಂತ ಲೆಕ್ಕ ಹಾಕುವುದು) ಫ್ಯಾನ್ ಹಾಕಿದ್ದೆ. ಡಿಸ್ಕ್ ಬೇಗ ಆರಿತು, ವಾಹಕತೆ ಎಲ್ಲಿಗೋ ಏರಿತು. ಎರಡು ದಿನ ಲೆಕ್ಕದಲ್ಲೇ ತಪ್ಪು ಹುಡುಕಿದೆ! ಮೊದಲಿಂದ ಕೊನೆಯವರೆಗೆ ಫ್ಯಾನ್ ಬಂದ್ ಇರಲಿ, ಬೆವರು ಒರೆಸಿಕೊಳ್ಳಿ. ಆರುವಾಗ ಡಿಸ್ಕಿನ ಮೇಲ್ಮುಖ ತೆರೆದಿದ್ದರೆ ಅದಕ್ಕೆ ಪುಸ್ತಕದಲ್ಲಿ ಒಂದು ತಿದ್ದುಪಡಿ ಇದೆ, ಅದನ್ನೂ ಬಿಡಬೇಡಿ. ಬಿಟ್ಟರೆ ಉತ್ತರ ಒಂದೂವರೆ ಪಟ್ಟಿಗೂ ಮೇಲೆ ಹೋಗುತ್ತದೆ.

ನೀರಿನ ಕಾಟ ಒತ್ತಾದ ಶಹಾಬಾದ್ ಕಲ್ಲಿಗೆ ಕಡಿಮೆ. ಬೀದರಿನ ತೂತುತೂತು ಜಂಬಿಟ್ಟಿಗೆ ಅಳೆಯುವುದಾದರೆ ಹುಷಾರು. ತೂತಿನಲ್ಲಿ ಗಾಳಿ ಇದ್ದರೆ 0.026, ನೀರಿದ್ದರೆ 0.6. ಚೆನ್ನಾಗಿ ಒಣಗಿಸಿಯೇ ಅಳೆಯಿರಿ.

ರೆಕಾರ್ಡಿನಲ್ಲಿ 0.8 ಅಂತಲೇ ಬರೆಯಿರಿ. ಪಕ್ಕದಲ್ಲಿ "ದಪ್ಪ 10 ಮಿ.ಮೀ., ಪಾಲಿಶ್ ಇಲ್ಲ, ಗ್ಲಿಸರಿನ್ ಇಲ್ಲ" ಅಂತ ಸೇರಿಸಿ. ಕೆಳಗೆ 20 ಮಿ.ಮೀ. ತುಂಡಿನ ಅಂಕಿಗೆ ಜಾಗ ಬಿಟ್ಟಿರಿ.