ದೊಡ್ಡವರಲ್ಲಿ ಕರುಳು ತೂತು: ಗೋಡೆಯ ರಚನೆಯೇ ಕಾರಣವಾದಾಗ

ಕೋಲಾರ, ತುಮಕೂರಿನ ಕಡೆ ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್‌ನಲ್ಲಿ ತೂತು ಕಂಡರೆ ಮೊದಲು ಟೈಫಾಯಿಡ್, ಆಮೇಲೆ ಟಿಬಿ ನೆನಪಾಗುತ್ತದೆ. ಆಗಲೇಬೇಕು. ಆದರೆ ಟೈಫಾಯಿಡ್‌ನ ರಕ್ತಪರೀಕ್ಷೆ ವಿಡಾಲ್ ಪಾಸಿಟಿವ್ ಬಂದ ಮಾತ್ರಕ್ಕೆ ತೂತಿನ ಕಾರಣ ಸಿಕ್ಕಿತೆಂದು ಫೈಲು ಮುಚ್ಚಬೇಡಿ. ಎರಡು ಮೂರು ವಾರದ ಜ್ವರ, ಅಲ್ಸರ್, ಸ್ಟ್ರಿಕ್ಚರ್ (ಕರುಳು ಕಿರಿದಾಗುವುದು), ಗ್ರಾನುಲೋಮಾ (ಉರಿಯೂತದ ಸಣ್ಣ ಗಂಟು) ಯಾವುದೂ ಇಲ್ಲವೆಂದರೆ ಕರುಳಿನ ಗೋಡೆಯನ್ನೇ ಪರೀಕ್ಷಿಸಬೇಕು.

ತೂತು ಯಾವ ಅಂಚಿನಲ್ಲಿದೆ ನೋಡಿ. ಮೆಕೆಲ್ ಡೈವರ್ಟಿಕುಲಮ್ (ಹುಟ್ಟಿನಿಂದ ಇರುವ ಕರುಳಿನ ಚೀಲ) ಮೆಸೆಂಟರಿಗೆ (ಕರುಳನ್ನು ಹಿಡಿದು ರಕ್ತನಾಳ ತರುವ ಪೊರೆ) ಎದುರಿನ ಅಂಚಿನಲ್ಲಿ, ಇಲಿಯೊಸೀಕಲ್ ಕವಾಟದಿಂದ (ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವೆಡೆ) ಸುಮಾರು 60 ಸೆಂ.ಮೀ. ಮೇಲೆ ಇರುತ್ತದೆ. ಅದರಲ್ಲಿ ಜಠರದ ಲೋಳೆಪೊರೆ ಇದ್ದರೆ ಆಮ್ಲದ ಅಲ್ಸರ್ ಆಗುವುದು ಹೆಚ್ಚಾಗಿ ಪಕ್ಕದ ಇಲಿಯಮ್‌ನಲ್ಲಿ. ಚೀಲವನ್ನಷ್ಟೇ ಕತ್ತರಿಸಿದರೆ ಅಲ್ಸರ್ ಉಳಿದುಬಿಡಬಹುದು. ಆ ತುಂಡು ಕರುಳನ್ನೂ ತೆಗೆಯುವುದು ಅದಕ್ಕೇ. ಮೀನಿನ ಮುಳ್ಳು ಸಿಕ್ಕಿಕೊಂಡು ಚುಚ್ಚುವುದೂ ಉಂಟು. ಮುದ್ದೆ ಅಗಿಯದೆ ನುಂಗುವ ನಮ್ಮ ಕಡೆ, ಮೀನು ಸಾರು ಉಂಡಿದ್ದರೇ ಎಂದು ಕೇಳುವುದು ಮರೆಯಬಾರದು.

ಸಣ್ಣ ಕರುಳಿನ ನಡುಭಾಗವಾದ ಜೆಜುನಮ್‌ನ ಡೈವರ್ಟಿಕುಲಾ ಇದಕ್ಕೆ ತದ್ವಿರುದ್ಧ: ರಕ್ತನಾಳ ಒಳಹೋಗುವ ಮೆಸೆಂಟರಿ ಅಂಚಿನಲ್ಲೇ, ಹಲವು, ಸ್ನಾಯುಪದರವಿಲ್ಲದ ಚೀಲಗಳು. ಒಡೆದರೆ ಗಾಳಿ ಮೆಸೆಂಟರಿಯ ಪದರಗಳ ನಡುವೆಯೇ ಉಳಿಯಬಹುದು. ಹಾಗಾಗಿ ಎಕ್ಸ್‌ರೇಯಲ್ಲಿ ಡಯಾಫ್ರಮ್ ಕೆಳಗೆ ಗಾಳಿ ಕಾಣಲಿಲ್ಲವೆಂದು ನಿರಾಳವಾಗಬೇಡಿ, ಸಿಟಿ ಮಾಡಿಸಿ.

ಅತಿ ಸುಲಭವಾಗಿ ಕೈತಪ್ಪುವುದು ಕರುಳಿನ ಸ್ನಾಯುಪದರ ಒಂದು ಭಾಗದಲ್ಲಿ ಇಲ್ಲದೇ ಹೋಗಿರುವ ಸ್ಥಿತಿ. ಮೊದಲು ಗುರುತಿಸಿದ್ದು ನವಜಾತ ಶಿಶುಗಳಲ್ಲಿ, ಆದರೆ ದೊಡ್ಡವರಲ್ಲೂ ಉಂಟು. ಲೋಳೆಪೊರೆ, ಅದರಡಿಯ ಸಬ್‌ಮ್ಯೂಕೋಸಾ, ಹೊರಪೊರೆ ಸಿರೋಸಾ ಇರುತ್ತವೆ. ನಡುವಿನ ಸ್ನಾಯು ಮಾತ್ರ ಥಟ್ಟನೆ ಮುಗಿದುಹೋಗುತ್ತದೆ. ಆಪರೇಷನ್ ಟೇಬಲ್ ಮೇಲೆ ಕಣ್ಣಿಗೆ ಇದು ನಿಲುಕುವುದಿಲ್ಲ. ಅಲ್ಲಿ ಹೊಲಿಗೆ ಹಿಡಿಯುವುದೂ ಕಷ್ಟ. ಆದ್ದರಿಂದ ತೂತಿನ ಅಂಚಿನ ಜೊತೆಗೆ ಪಕ್ಕದ ಆರೋಗ್ಯವಂತ ಗೋಡೆಯನ್ನೂ ಸೇರಿಸಿ, ಗೋಡೆಯ ಪೂರ್ಣ ದಪ್ಪದ ಮಾದರಿ ಕಳಿಸಬೇಕು. ಚೂರು ಕಳಿಸಿದರೆ ಪೆಥಾಲಜಿಯವರು ಏನೂ ಹೇಳಲಾರರು. ಅಂಗಾಂಶದ ಹತ್ತು ಪಟ್ಟಾದರೂ 10% ಫಾರ್ಮಲಿನ್ ಇರಲಿ. ಪಾವಗಡ, ಮುಳಬಾಗಿಲಿನಂಥ ಊರಿಂದ ಸಲೈನ್‌ನಲ್ಲಿ ಕಳಿಸಿದರೆ ದಾರಿಯಲ್ಲೇ ಕೊಳೆಯುತ್ತದೆ. ‘ಸ್ನಾಯುಪದರ ನೋಡಿ’ ಎಂದು ಅರ್ಜಿಯಲ್ಲಿ ಬರೆಯಿರಿ. ಸ್ನಾಯುವನ್ನು ತೋರಿಸುವ ಡೆಸ್ಮಿನ್ ಬಣ್ಣ ಹಾಕಲು ಅದೇ ಸೂಚನೆ. ಅಂಚಿನಲ್ಲಿ ಫೈಬ್ರೋಸಿಸ್ (ಗಾಯದ ನಾರು), ನೆಕ್ರೋಸಿಸ್ (ಸತ್ತ ಅಂಗಾಂಶ) ಇದ್ದರೆ ಸ್ನಾಯು ಮೊದಲಿಂದ ಇಲ್ಲದ್ದಲ್ಲ, ರಕ್ತ ಕೊರತೆಯಿಂದ ಆಮೇಲೆ ನಾಶವಾಗಿರಬಹುದು.

ಎಳೆಯ ವಯಸ್ಸಿನವರಲ್ಲಿ ಸಿಗ್ಮಾಯ್ಡ್ (ದೊಡ್ಡ ಕರುಳಿನ ಕೊನೆಯ ಬಾಗು) ತಾನಾಗಿ ತೂತಾದರೆ ವ್ಯಾಸ್ಕುಲರ್ ಎಹ್ಲರ್ಸ್-ಡಾನ್ಲೋಸ್ ಎಂಬ ಆನುವಂಶಿಕ ಕಾಯಿಲೆ ನೆನೆಯಿರಿ. ತೆಳು ಚರ್ಮದಡಿ ಕಾಣುವ ರಕ್ತನಾಳ, ಬೇಗ ಕಂದುವುದು, ಮನೆತನದಲ್ಲಿ ಹಠಾತ್ ಸಾವು ಆಗಿತ್ತೇ ಎಂದು ಕೇಳಿ. ದೋಷ ಮೂರನೇ ಬಗೆಯ ಕೊಲಾಜನ್‌ನದ್ದು. ಜೋಡಿಸಿದ ಹೊಲಿಗೆ ಸೋರುವ ಭಯವಿರುವುದರಿಂದ ಸ್ಟೋಮಾ (ಕರುಳನ್ನು ಹೊಟ್ಟೆಯ ಚರ್ಮಕ್ಕೆ ತೆರೆಯುವುದು) ಹೆಚ್ಚು ಸುರಕ್ಷಿತ. ಮುಂದೆ ಕೊಲೊನೊಸ್ಕೋಪಿಯಿಂದ (ದೊಡ್ಡ ಕರುಳಿಗೆ ಕೊಳವೆ ಹಾಕಿ ನೋಡುವ ಪರೀಕ್ಷೆ) ದೂರವಿರಬೇಕೆಂದು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಯಿರಿ, ಕುಟುಂಬಕ್ಕೆ ಜೆನೆಟಿಕ್ ಸಲಹೆ ಕೊಡಿಸಿ.